ಶಾಪವೆಂದು ಕೇಳಿಸಿದ ಮಾತು

ಪರಮಪೂಜ್ಯ ನೀಲಾಂಬಿಕಾ ತಾಯಿಯವರು ಹಳ್ಳದ ದಂಡೆಯ ತಮ್ಮ ತಗಡಿನ ಮಠದಲ್ಲಿ ಪೀಠವೆಂಬುದನ್ನು ಇರಿಸಿಕೊಂಡವರೇ ಅಲ್ಲ. ದರ್ಶನಕ್ಕೆ ಬಂದವರಿಗೆ ಅವರು ಸಿಗುತ್ತಿದ್ದುದು ದಾಸೋಹದ ಅಡುಗೆಮನೆಯ ಹೊಸ್ತಿಲಲ್ಲಿ. ಅಂದೂ ನಾಲ್ಕಾರು ಹೆಂಗಸರ ನಡುವೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದರು.

ಆಗ ಗೌರೀಶನೆಂಬ ರೈಲ್ವೆ ನೌಕರ ತನ್ನ ಪತ್ನಿ ಶೇಫಾಲಿಯನ್ನು ಕರೆದುಕೊಂಡು ಬಂದನು. ಆಕೆ ಬಂಗಾಳದವಳು. ಅಲ್ಲಿ ಕೆಲಸದಲ್ಲಿದ್ದಾಗ ಗೌರೀಶ ಅವಳ ಕೈಹಿಡಿದು ಅಲ್ಲಿಯೇ ಸಂಸಾರ ಹೂಡಿದ್ದ. ಹುಬ್ಬಳ್ಳಿಗೆ ವರ್ಗವಾಗಿ ಬಂದು ತಿಂಗಳೂ ತುಂಬಿರಲಿಲ್ಲ. ಬಹಳ ವರ್ಷಗಳ ಹಿಂದೆ ಅವರ ಚೊಚ್ಚಲ ಮಗು ಹುಟ್ಟುವಾಗಲೇ ತೀರಿಕೊಂಡಿತ್ತು, ಮತ್ತೆ ಮಕ್ಕಳಾಗಲಿಲ್ಲ. ಅಂದಿನಿಂದ ಅತ್ತೆಯ ಹೆಸರೆತ್ತಿದರೆ ಶೇಫಾಲಿ ಎದ್ದು ಹೋಗುತ್ತಿದ್ದಳು. ಕಾರಣ ಗಂಡನಿಗೂ ತಿಳಿದಿರಲಿಲ್ಲ.

ಶೇಫಾಲಿ ಕೈಮುಗಿಯಲಿಲ್ಲ. "ನನಗೊಂದು ಶಾಪ ಇದೆ. ತೆಗೀಲಿಕ್ಕೆ ಬರ್ತದಾ ನಿಮಗೆ?" ಎಂದು ನಿಂತುಕೊಂಡೇ ಕೇಳಿದಳು.

ಯಾರು ಕೊಟ್ಟ ಶಾಪ, ಏನೆಂದು ಕೊಟ್ಟರು ಎಂದು ತಾಯಿಯವರು ವಿಚಾರಿಸಿದರು. ಬಾಯಿಬಿಟ್ಟು ಹೇಳಿದರೆ ಶಾಪ ಗಟ್ಟಿಯಾಗುತ್ತದೆಂಬ ಭಯದಿಂದ ಆಕೆ ಅದನ್ನು ಅದುವರೆಗೆ ಯಾರಿಗೂ ತಿಳಿಸಿರಲಿಲ್ಲ. ಅಂದು, ಹೊತ್ತು ಹೊತ್ತು ದಣಿದಿದ್ದಳೋ ಏನೋ, ಹೇಳಿಬಿಟ್ಟಳು.

ಅವಳು ಬಸುರಿಯಾಗಿದ್ದಾಗ ಅತ್ತೆ ಶಂಕ್ರವ್ವ ಬಂಗಾಳಕ್ಕೆ ಹೋಗಿ ಕೆಲವು ದಿನ ಇದ್ದಳು. ಊರಿಗೆ ಹೊರಡುವ ದಿನ ಸೊಸೆಗೆ, "ನಿನ್ನ ಹೊಟ್ಟಿ ತಣ್ಣಗಿರ್ಲಿ" ಎಂದಳು. ಶೇಫಾಲಿಗೆ ಆಗ ಬರುತ್ತಿದ್ದುದು ಬಿಡಿ ಬಿಡಿ ಕನ್ನಡ ಪದಗಳು ಮಾತ್ರ. ಗಂಡನಿಂದ ಸರಿಯಾಗಿ ಮಾತಾಡಲು ಕಲಿತದ್ದು ಆಮೇಲೆ. ಹೊಟ್ಟೆಯೆಂದರೆ ಬಸಿರು ಎಂದು ಗೊತ್ತಿತ್ತು. ತಣ್ಣಗೆ ಎಂದರೆ ಆರಿದ ಒಲೆ, ಹಳಸಲು ಅನ್ನ. ಎರಡನ್ನೂ ಜೋಡಿಸಿದಾಗ ಅದು ಶಾಪವೆಂದೇ ಕೇಳಿಸಿತು. ಆದರೂ ಯಾರನ್ನೂ ಕೇಳಲಿಲ್ಲ. ದಿನ ತುಂಬಿ ಹೆರಿಗೆಯಾದಾಗ, ನರ್ಸು ಕೈಗಿತ್ತ ಕೂಸಿನ ಮೈ ತಣ್ಣಗಿತ್ತು.

ಸುದ್ದಿ ಕೇಳಿದ ಶಂಕ್ರವ್ವ ರೈಲು ಹತ್ತಿ ಓಡಿಬಂದಳು. ಗೌರೀಶ ಡ್ಯೂಟಿಗೆ ಹೋಗಿದ್ದ. ಶೇಫಾಲಿ ಬಾಗಿಲು ತೆರೆಯಲೇ ಇಲ್ಲ. ಮುದುಕಿ ಮೆಟ್ಟಿಲ ಮೇಲೆ ಕುಳಿತು ಅತ್ತು, ಬಂದ ದಾರಿಯಲ್ಲೇ ಹಿಂದಿರುಗಿದಳು.

ಹೆತ್ತ ತಾಯಿ ಹಾಗೆ ಬಂದು ಹೋಗಿದ್ದಳೆಂಬುದೇ ಗೌರೀಶನಿಗೆ ಗೊತ್ತಿರಲಿಲ್ಲ. ಸೊಪ್ಪು ಬಿಡಿಸುತ್ತಿದ್ದ ಹೆಂಗಸರ ಕೈಗಳು ನಿಂತುಹೋದವು. ಒಬ್ಬಾಕೆ ಏನೋ ಹೇಳಹೋದಾಗ ತಾಯಿಯವರು ಕಣ್ಣಿನಲ್ಲೇ ತಡೆದು, ಶೇಫಾಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅತ್ತೆ ಆ ಮಾತು ಆಡುವ ಮೊದಲು ಏನು ನಡೆದಿತ್ತೆಂದು ಕೇಳಿದರು.

ನಾನು ರೊಟ್ಟಿ ಮಾಡಲು ಕಲಿತು ಅಂದೇ ಮೊದಲ ಸಲ ಅತ್ತೆಗೆ ಬಡಿಸಿದ್ದೆ, ಆಕೆ ಉಂಡು ಎದ್ದಳು ಎಂದಳು ಶೇಫಾಲಿ.

"ಹೇಳುವಾಗ ಆಕಿ ಕೈ ಎಲ್ಲಿತ್ತು, ತಂಗಿ?"

"ನನ್ನ ತಲೆ ಮೇಲೆ."

"ಮಾರಿ ಹೆಂಗಿತ್ತು?"

"ನಗ್ತಿದ್ದರು." ಆ ನಗುವನ್ನೇ ತಾನು ಎಲ್ಲಕ್ಕಿಂತ ಹೆಚ್ಚು ದ್ವೇಷಿಸಿದ್ದಾಗಿ ಆಕೆ ಹೇಳಿದಳು.

ತಾಯಿಯವರು ಅವಳ ತಲೆಯ ಮೇಲೆ ಮೆಲ್ಲನೆ ಕೈಯಿಟ್ಟರು. "ಹೊಟ್ಟಿ ತುಂಬ ಉಂಡಾಕಿ, ಹಿಂಗ ತಲಿ ಮ್ಯಾಲೆ ಕೈಯಿಟ್ಟು, ನಕ್ಕೋತ ಆಡಿದ ಮಾತು. ಈಗ ಅದರ ಅರ್ಥ ನೀನ ಹೇಳು."

ಶೇಫಾಲಿ ಸುತ್ತ ಕುಳಿತವರ ಮುಖಗಳನ್ನು ಒಂದೊಂದಾಗಿ ನೋಡಿದಳು, ಯಾರಾದರೂ ಅಲ್ಲವೆನ್ನಲಿ ಎಂಬಂತೆ. ಯಾರೂ ಅಲ್ಲವೆನ್ನಲಿಲ್ಲ. ಬಿಸಿಲಿನ ಸೀಮೆಯಲ್ಲಿ ತಂಪು ಎಂದರೆ ಸುಖ. ನಿನ್ನ ಹೊಟ್ಟೆಯಲ್ಲಿ ಹುಟ್ಟುವ ಮಕ್ಕಳು ಚೆನ್ನಾಗಿ ಬಾಳಲಿ ಎಂದು ಹಿರಿಯರು ಹರಸುವುದು ಹೀಗೆಯೇ ಎಂದು ತಾಯಿಯವರು ತಿಳಿಸಿದರು.

"ಹಾಗಾದರೆ ನನ್ನ ಕೂಸು ಯಾಕೆ ಹೋಯಿತು?"

"ಅದು ನನಗ ಗೊತ್ತಿಲ್ಲವ್ವಾ," ಎಂದರು ತಾಯಿಯವರು. "ಆಕಿ ಮಾತಿನಿಂದ ಹೋಗಲಿಲ್ಲ. ಇಷ್ಟು ಬಲ್ಲೆ."

ಶೇಫಾಲಿಗೆ ಅಳುವೂ ಬರಲಿಲ್ಲ. ಪ್ರಸಾದಕ್ಕೂ ಕಾಯದೆ, ಅತ್ತೆ ಎಲ್ಲಿದ್ದಾರೆಂದು ಗಂಡನನ್ನು ಕೇಳಿದಳು.

ಶಂಕ್ರವ್ವ ಅಲ್ಲಿಂದ ಎರಡು ಊರಾಚೆ ಮಗಳ ಮನೆಯಲ್ಲಿದ್ದಳು. ದಂಪತಿಗಳು ನೇರವಾಗಿ ಅಲ್ಲಿಗೆ ಹೋದರು. ಸೊಸೆ ಕಾಲಿಗೆ ಬಿದ್ದಳು, ಗೌರೀಶ ಎಲ್ಲವನ್ನೂ ಹೇಳಿದನು. ಕೇಳುತ್ತ ಕೇಳುತ್ತ ಶಂಕ್ರವ್ವ ಗೋಡೆಗೆ ಒರಗಿದಳು. ಬೇರೆ ನಾಡಿನ ಸೊಸೆಗೆ ತನ್ನ ಹಳ್ಳಿಯ ನಡೆನುಡಿ ಹೇಸಿಗೆಯಾಗಿರಬೇಕೆಂದೇ ಆಕೆ ಇಷ್ಟು ವರ್ಷ ನಂಬಿಕೊಂಡಿದ್ದಳು. ತಾನು ಹಾಗೆ ಹರಸಿದ್ದೂ ಅವಳಿಗೆ ನೆನಪಿರಲಿಲ್ಲ. ಉಂಡ ಮನೆಯಲ್ಲೆಲ್ಲ ಆಡುವ ಮಾತು ಅದು.

ಆಮೇಲೆ ಬಗ್ಗಿ ಸೊಸೆಯ ಭುಜ ಹಿಡಿದೆತ್ತಿ, "ಆ ಕೂಸಿನ ಮಾರಿ ನಾ ನೋಡಲೇ ಇಲ್ಲ," ಎಂದಳು. "ಯಾರ ಹಂಗಿತ್ತವ್ವಾ?"

ಅಷ್ಟು ವರ್ಷಗಳಲ್ಲಿ ಯಾರೂ ಶೇಫಾಲಿಯನ್ನು ಹಾಗೆ ಕೇಳಿರಲಿಲ್ಲ. ಆಕೆ ಅತ್ತೆಯ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು, ಗಲ್ಲವನ್ನು ಬೆರಳಿನಿಂದ ಮುಟ್ಟಿದಳು.

"ನಿಮ್ಮ ಹಂಗ," ಎಂದಳು. "ಇಲ್ಲೇ, ನಿಮ್ಮ ಹಂಗೇ ಇತ್ತು."