ಗೋಣು ಆಡಿಸಿದ ಓತಿಕ್ಯಾತ

ಬೇಲಿಯ ಮೇಲೆ ಹುಟ್ಟಿ ಬೆಳೆದ ಓತಿಕ್ಯಾತನಿಗೆ ಮಹಾನಗರದ ಹಲ್ಲಿಗಳ ಕಾರ್ಯಾಗಾರದಿಂದ ಕರೆ ಬಂತು. ಬೇಲಿಗಳ ಇತಿಹಾಸದ ಮೇಲೆ ಅವನು ಪ್ರಬಂಧ ಓದಬೇಕಿತ್ತು. ಊಟದ ಹೊತ್ತಿನೊಳಗೆ ಅಲ್ಲಿಗೆ ಮುಟ್ಟದಿದ್ದರೆ ಆ ಸರದಿ ಅವನ ಹಗೆ ಹಾವುರಾಣಿಯ ಪಾಲಾಗುತ್ತಿತ್ತು.

ಬಸ್ಸಿಳಿದವನೇ ಅಲ್ಲಿ ಮಲಗಿದ್ದ ಬೀದಿನಾಯಿಯನ್ನು ದಾರಿ ಕೇಳಿದ.

“ಈ ಫ್ಲೈಓವರ್ ಹತ್ತಬೇಡ, ಅಡಿಯಲ್ಲೇ ಹೋಗು,” ಎಂದಿತು ನಾಯಿ. “ಎರಡನೇ ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗಿದರೆ ಹಳದಿ ಗೋಡೆ. ಅಲ್ಲೇ ನಿಮ್ಮವರ ಸಭೆ. ಎಡಕ್ಕೆ ಮಾತ್ರ ತಿರುಗೀಯ, ಜೋಕೆ! ಅಲ್ಲಿ ಕಾಗೆಗಳ ಸಭೆ ನಡೀತಿದೆ. ತಿಳೀತಾ?”

ಫ್ಲೈಓವರ್ ಎಂದರೇನು ಎನ್ನುವಲ್ಲೇ ಓತಿಕ್ಯಾತನ ಬುದ್ಧಿ ನಿಂತುಬಿಟ್ಟಿತ್ತು. ಆದರೂ ಗೋಣು ಆಡಿಸಿದ.

“ಇನ್ನೊಂದ್ಸಲ ಹೇಳ್ಲೇನಪ್ಪ?”

ಪ್ರಬಂಧ ಓದಲು ಬಂದವನು ಬೀದಿನಾಯಿಯ ಮುಂದೆ ದಡ್ಡನಾಗುವುದೇ? “ಬೇಡ ಬೇಡ, ಎಲ್ಲಾ ತಿಳೀತು,” ಎಂದ.

“ಹಾಗಾದ್ರೆ ಯಾವ ಕಡೆ ತಿರುಗ್ತೀಯ, ಹೇಳು ನೋಡೋಣ.”

ಓತಿಕ್ಯಾತ ಇನ್ನೂ ಜೋರಾಗಿ ಗೋಣು ಆಡಿಸಿ ಹೊರಟ.

“ಕತ್ತು ಮಾತ್ರ ಗಟ್ಟಿ ಇದೆ ಕಣಯ್ಯ ನಿಂದು,” ಎಂದು ನಾಯಿ ಮತ್ತೆ ಮಲಗಿತು.

ಸಿಗ್ನಲ್ಲಿಗೆ ಬರುವ ಹೊತ್ತಿಗೆ ಎಡ ಎಂಬ ಒಂದೇ ಮಾತು ನೆನಪಿತ್ತು. ಅತ್ತಲೇ ತಿರುಗಿದ. ಕಾಗೆಗಳು ಎದ್ದು ನಿಂತು ಸ್ವಾಗತಿಸಿ ಮೊದಲ ಸಾಲಿನಲ್ಲಿ ಕೂರಿಸಿದವು. ನಗರದ ಹಲ್ಲಿಗಳಿಗೆ ಕೊಕ್ಕೂ ಇರುತ್ತದೇನೋ, ಕೇಳಿದರೆ ಹಳ್ಳಿಗುಗ್ಗು ಅಂದುಕೊಳ್ಳುತ್ತಾರೆ ಎಂದು ಅವನು ಸುಮ್ಮನಾದ. ಕಾಕಾ ಎಂಬ ಭಾಷಣದ ಒಂದಕ್ಷರವೂ ಅರ್ಥವಾಗಲಿಲ್ಲ. ಪ್ರತಿ ಮಾತಿಗೂ ಗೋಣು ಆಡಿಸಿದ.

ಕೊನೆಗೆ ಅಧ್ಯಕ್ಷ ಕಾಗೆ ಕೊಕ್ಕು ಒರೆಸಿಕೊಂಡು ಕೇಳಿತು: “ಮಾನ್ಯ ವಿದ್ವಾಂಸರೇ, ಊಟದ ಹೊತ್ತಾಯಿತು. ಇವತ್ತು ತಮ್ಮನ್ನೇ ಹಂಚಿಕೊಂಡು ತಿನ್ನೋಣ ಎಂದು ಸಭೆಯ ಅಭಿಪ್ರಾಯ. ತಮಗೂ ಒಪ್ಪಿಗೆ ತಾನೆ?”

ಓತಿಕ್ಯಾತ ಬಹಳ ಗಂಭೀರವಾಗಿ ಗೋಣು ಆಡಿಸಿದ.