ಬೆಕ್ಕು ಮಾಡಿದ ಸಮೀಕ್ಷೆ

ಇದನ್ನು ನನಗೆ ಮೊದಲು ಹೇಳಿದವರು ಪುರಸಭೆಯಲ್ಲಿದ್ದ ನಮ್ಮ ವಿಮಲಾಕ್ಷಿ ಅತ್ತೆ.

ಹೊಸ ಚರಂಡಿ ಯಾರ ಬೀದಿಗೆ ಬೇಕೆಂದು ಪೇಟೆಯ ಮನೆಗಳಲ್ಲೂ ಅಂಗಡಿಗಳಲ್ಲೂ ಕೇಳಿಸಲು ಹಿರಿಯ ಎಮ್ಮೆ ಯೋಜನೆ ಹಾಕಿತು. "ನಾನೇ ಹೋಗುತ್ತೇನೆ ಎಮ್ಮಕ್ಕ, ಎಲ್ಲರ ಹಿತ್ತಲ ಬಾಗಿಲೂ ನನಗೆ ಗೊತ್ತು" ಎಂದಿತು ಬೆಕ್ಕು. ಹೋಗಿ ಬಂದು, "ಕಾಳಿನಂಗಡಿಯ ಇಲಿಗಳಿಗೆ ಯಾವ ದೂರೂ ಇಲ್ಲ. ಬಾಗಿಲು ಕೂಡ ತೆಗೆಯಲಿಲ್ಲ, ಅಷ್ಟು ನೆಮ್ಮದಿ!" ಎಂದಿತು.

ಎಮ್ಮೆ ಆ ಮಾತನ್ನು ಸ್ವಲ್ಪ ಹೊತ್ತು ಮೆಲುಕು ಹಾಕಿ, ಮರುದಿನ ಅಳಿಲನ್ನು ಕಳಿಸಿತು. ಕೊಳಚೆ ನೀರು ಬಿಲಕ್ಕೆ ನುಗ್ಗಿ ಕಾಳೆಲ್ಲ ಮೊಳಕೆಯೊಡೆದಿದೆಯೆಂದು ಇಲಿಗಳು ಸಂಜೆಯವರೆಗೂ ಹೇಳಿಕೊಂಡವು. ಚರಂಡಿ ಅಲ್ಲಿಗೇ ಬಂತು.

"ನಾನು ಕೇಳಿದಾಗ ಹೇಳಬಾರದಿತ್ತೇ?" ಎಂದು ಬೆಕ್ಕು ಮುನಿಸಿಕೊಂಡಿತು.

"ನೀವು ಕೇಳಿದಿರಿ ಬೆಕ್ಕಕ್ಕ," ಒಣಗಿದ ಬಿಲದೊಳಗಿಂದ ಮುದಿ ಇಲಿ ಹೇಳಿತು, "ಆದರೆ ಕೇಳುವಾಗ ಹಲ್ಲು ಕಾಣುತ್ತಿತ್ತು."

ನಿಮ್ಮ ಮನೆಗೆ ಸಮೀಕ್ಷೆಯವರು ಬಂದರೆ, ಕಾಫಿ ಕೊಟ್ಟು ಇದನ್ನೂ ಹೇಳಿ ಕಳಿಸಿ.