ಬಾಳವ್ವನ ಬೇಸರಕ್ಕೆ ಮದ್ದು

ಹೊಳೆಯ ದಂಡೆಗೆ ಒಂದು ಮಠ. ಹೊಳೆಯ ಹೆಸರು ಬೇಡ. ಹೇಳಿದರೆ ನೀವು ಹೋಗಿ ವಿಚಾರಿಸುತ್ತೀರಿ, ಅಲ್ಲಿಯವರು ಇದನ್ನೇ ಬೇರೆ ಥರ ಹೇಳುತ್ತಾರೆ.

ಮಠದ ಗುರು ಕರಿಸಿದ್ಧಜ್ಜ. ಅವನ ಹತ್ತಿರ ಜ್ಞಾನ ಕಲಿಯಲೆಂದು ಬಂದವಳು ಬಾಳವ್ವ. ಅಜ್ಜ ಮಂತ್ರ ಕೊಡಲಿಲ್ಲ, ಬೀಸುವ ಕಲ್ಲು ತೋರಿಸಿದ. ಅಂದಿನಿಂದ ಮಠದ ಹಿಟ್ಟು ಅವಳ ಕೈಯದು.

ಬಾಳವ್ವ ಹಾಡುತ್ತ ಬೀಸುತ್ತಿದ್ದಳು. ಒಂದು ನುಡಿ ಮುಗಿದರೆ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ. ಹಾಡಿನಲ್ಲಿ ದೇವರೇ ಬರಬೇಕೆಂದೇನೂ ಇರಲಿಲ್ಲ. ಅತ್ತೆ ಮನೆಯ ಬೆಕ್ಕು ಹಾಲು ಕುಡಿದದ್ದು, ಬೈಗುಳ ಮಾತ್ರ ಸೊಸೆಯ ಪಾಲಿಗೆ ಬಂದದ್ದು, ಅಂಥವೇ ಹೆಚ್ಚು. ದನಿಯಂತೂ ಆಚೆ ದಂಡೆಯ ಎಮ್ಮೆಗಳು ಮೇಯುವುದು ಬಿಟ್ಟು ತಲೆಯೆತ್ತುವಷ್ಟು ದೊಡ್ಡದು.

ಆ ವರ್ಷ ಮಠದ ಕಣಜ ತಳ ಕಂಡಿತ್ತು. ಅದೇ ಹೊತ್ತಿಗೆ ತೋಟಪ್ಪ ಸಾವಕಾರ ಮನಶ್ಶಾಂತಿ ಹುಡುಕಿಕೊಂಡು ಬಂದಿಳಿದ. ಬರಿಗೈಲಿ ಬರಲಿಲ್ಲ, ಬಂಡಿ ತುಂಬ ಜೋಳದ ಚೀಲ ತಂದ.

ಮರುದಿನವೇ ಬೀಸುವ ಕಲ್ಲಿನ ಮುಂದೆ ಬಂದು ನಿಂತ.

“ತಂಗೀ, ನಾ ಧ್ಯಾನಕ್ಕ ಕುಂತರ ನಿಮ್ಮತ್ತಿ ಬೆಕ್ಕು ಬಂದು ತೊಡಿ ಮ್ಯಾಲೆ ಕುಂದರತೈತಿ. ಬಾಯಿ ಮುಚ್ಚಿ ಬೀಸಾಕ ಬರಂಗಿಲ್ಲೇನು?”

ಬಾಳವ್ವ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಅಜ್ಜನ ಮುಖ ನೋಡಿದಳು.

“ಸಾವಕಾರ ಹೇಳತಾನಲ್ಲ. ಹಾಡಬ್ಯಾಡ,” ಅಂದ ಅಜ್ಜ.

ಬಾಳವ್ವ ಬಾಯಿ ಮುಚ್ಚಿದಳು. ಒಂದು, ಅದು ಗುರುವಿನ ಮಾತು. ಇನ್ನೊಂದು, ಸಾವಕಾರ ಮುನಿಸಿಕೊಂಡು ಚೀಲ ಹೊತ್ತು ಹೊರಟರೆ ಮಠದವರು ತಿನ್ನುವುದೇನು?

ಕೆಲವು ದಿನ ಕಳೆಯಿತು. ಬಾಳವ್ವನಿಗೆ ಊಟ ಸೇರದಾಯಿತು. ಹೊಳೆಯ ನೀರು ಕಂಡರೂ ಬೇಸರ, ಹೊಳೆ ದಾಟಿ ಬರುವ ಗಾಳಿಗೂ ಬೇಸರ. ತಪ್ಪು ತನ್ನದೇ ಇರಬೇಕು ಅಂದುಕೊಂಡಳು. ಮಠದಲ್ಲಿದ್ದೂ ಮನಸ್ಸು ಹೀಗೆ ಮಂಕಾದರೆ, ಕಲಿತದ್ದೇನು ಬಂತು?

“ಅಜ್ಜಾರ, ಎದಿ ಮ್ಯಾಲೆ ಬೀಸೂ ಕಲ್ಲು ಇಟ್ಟಂಗ ಆಗೇತ್ರಿ. ಏನರ ಮದ್ದು ಹೇಳ್ರಿ.”

“ಮದ್ದಿಗೇನು ಬರ? ನಸುಕಿನ್ಯಾಗ ಏಳು. ಇಬ್ಬನಿ ಆರೂದ್ರಾಗ ಬರಿಗಾಲಲೆ ಹುಲ್ಲಿನ ಮ್ಯಾಲೆ ಅಡ್ಡಾಡು.”

ಅಡ್ಡಾಡಿದಳು.

“ಹೋತೇನು ಬ್ಯಾಸರಾ?”

“ಇಲ್ಲ್ರಿ. ಮೊದಲ ಹೊತ್ತೇರಿದ ಮ್ಯಾಲೆ ಬರತಿತ್ತು. ಈಗ ನನ್ನ ಜೋಡಿನ ಎದ್ದು ಅಡ್ಡಾಡಾಕ ಬರತೈತಿ.”

“ಜೀರಿಗಿ ಕುದಿಸಿದ ನೀರು ಕುಡಿ.”

ಕುಡಿದಳು.

“ಹೆಂಗೈತಿ?”

“ಹೊಟ್ಟಿ ಹಗುರಾತ್ರಿ. ಬ್ಯಾಸರಕ್ಕ ಜಾಗಾ ಭಾಳ ಆತು.”

“ಎಳಿ ಬಿಸಲಿಗೆ ಕುಂತು ಉದ್ದಕ ಉಸಿರು ತಗೋ. ಮಲಗೂ ಮುಂದ, ಆ ದಿನ ಏನೇನು ಒಳ್ಳೇದು ಆತು ಅಂತ ನೆನಸು.”

ನೆನೆಸಿದಳು.

“ಏನು ನೆನಪಾತು?”

“ಸಾವಕಾರ ಮಧ್ಯಾಹ್ನ ಪ್ಯಾಟಿಗೆ ಹೋಗಿದ್ದ್ರಿ. ಅದೊಂದ ನೆನಪಾತು.”

ಅಜ್ಜ ನಗಲಿಲ್ಲ ಎಂದು ಮಠದವರು ಆಣೆ ಮಾಡಿ ಹೇಳುತ್ತಾರೆ. ಅವನ ಗಡ್ಡ ಮಾತ್ರ ಗಾಳಿಯಿಲ್ಲದೆ ಅಲ್ಲಾಡಿತಂತೆ.

ಇತ್ತ ಹಿಟ್ಟು ಕೆಡತೊಡಗಿತು. ಹಾಡು ನಿಂತ ಮೇಲೆ ಬಾಳವ್ವನ ಕೈಗೆ ಅಳತೆ ಸಿಗದು. ಒಮ್ಮೆ ಜೋಳ ಹೆಚ್ಚಾಗಿ ಕಲ್ಲಿನ ಬಾಯಿಂದ ಚೆಲ್ಲುವುದು, ಒಮ್ಮೆ ಬರಿಗಲ್ಲು ಗರಗರ ತಿರುಗುವುದು. ಹಿಟ್ಟಿನ ತುಂಬ ನುಚ್ಚು. ರೊಟ್ಟಿ ತಟ್ಟಿದಲ್ಲೇ ಬಿರಿಯುವುದು.

ಒಂದು ದಿನ ಊಟಕ್ಕೆ ಕೂತ ಸಾವಕಾರ ರೊಟ್ಟಿಯ ಚೂರೊಂದನ್ನು ಎತ್ತಿ ಹಿಡಿದ.

“ನೋಡ್ರಿ ಅಜ್ಜಾರ. ಈಕಿ ಇಂಥಾ ಜೋಲು ಮಾರಿ ಇಟ್ಟಕೊಂಡು ಬೀಸಿದರ ರೊಟ್ಟಿ ಹಿಂಗ ಆಗತೈತಿ. ನಕ್ಕೋಂತ ಕೆಲಸಾ ಮಾಡಬೇಕು. ಮನಸ್ಸಿಗೂ ಛಲೋ.”

“ಕೇಳಿದಿ ಬಾಳವ್ವಾ?” ಅಂದ ಅಜ್ಜ. “ನಾಳಿಂದ ನಕ್ಕೋಂತ ಬೀಸು. ಹಾಡಬ್ಯಾಡ ಮತ್ತ. ಬರೇ ನಗು.”

ಬಾಳವ್ವನ ಕೈಯಲ್ಲಿ ಮಜ್ಜಿಗೆಯ ಗಡಿಗೆ ಇತ್ತು. ಅಜ್ಜನ ತಟ್ಟೆಗೆ ಬಗ್ಗಿದವಳು ಹಾಗೇ ನಿಂತಳು. ಗಡಿಗೆಯನ್ನು ನೆಲಕ್ಕಿಟ್ಟಳು.

“ಆಗೂದಿಲ್ಲ್ರಿ.”

“ಏನಂದಿ?”

“ಆಗೂದಿಲ್ಲ ಅಂದ್ನಿ. ನಸುಕಿನ್ಯಾಗ ಎದ್ದೆ, ಹುಲ್ಲು ತುಳದೆ, ಜೀರಿಗಿ ನೀರು ಕುಡದೆ. ಅವೇನು ಕೆಟ್ಟವಲ್ಲ. ಆದರ ನನ್ನ ಬಾಯಿ ಕಟ್ಟಿದವರು ನೀವು, ಅದ ಬಾಯಿಗೆ ನಗು ಅಂತೀರಿ. ಬಾಯಿ ನಂದ್ರಿ. ಅದಕ್ಕ ಬೇಕಾದಾಗ ನಗತೈತಿ, ಬೇಕಾದಾಗ ಹಾಡತೈತಿ.”

ಸಾವಕಾರ ಎಂಜಲ ಕೈಯಲ್ಲೇ ಎದ್ದು ನಿಂತ. “ಹಂಗಾರ ನನ್ನ ಚೀಲಾ ಬಂಡಿಗೆ ಏರತಾವು.”

ಬಾಳವ್ವನಿಗೆ ಸಾಲಿನಲ್ಲಿ ಕೂತವರ ತಟ್ಟೆಗಳು ಕಂಡವು. ಕಣಜದ ತಳವೂ ಕಣ್ಣ ಮುಂದೆ ಬಂತು. ಆದರೂ ಬಾಯಿ ಹಿಂದೆ ಸರಿಯಲಿಲ್ಲ.

“ಏರಲಿ. ಹೊರಾಕ ನಾನೂ ಕೈ ಹಚ್ಚತೀನಿ. ನಾಳಿಂದ ಜೋಳಿಗಿ ಹಿಡದು ಸುತ್ತೂರಾಗ ಮನಿಮನಿ ತಿರಗತೀನಿ. ಹಿಡಿ ಹಿಡಿ ಬೇಡಿ ತಂದು ಇವರಿಗೆಲ್ಲಾ ಉಣಸತೀನಿ. ಸುಮ್ಮಕ ತಿರಗಂಗಿಲ್ಲ ಮತ್ತ, ಹಾಡಿಕೋತ ತಿರಗತೀನಿ.”

ಹೋಗಿ ಕಲ್ಲಿನ ಮುಂದೆ ಕಾಲು ಚಾಚಿ ಕೂತಳು. ಗೂಟ ಹಿಡಿದಳು. ಇಷ್ಟು ದಿನ ಒಳಗೇ ಕೊಳೆತದ್ದೆಲ್ಲ ಹೊರಗೆ ಬಂತು.

“ಶಾಂತಿ ಹುಡುಕಿ ಬಂದಾನ ಸಾವಕಾರಾ
ಬಂಡಿ ತುಂಬ ತಂದಾನ ಬ್ಯಾಸರಾ...”

ಸಾಲಿನ ಕೊನೆಯಲ್ಲಿ ಯಾರಿಗೋ ತುತ್ತು ನೆತ್ತಿಗೇರಿತು. ಕಲ್ಲಿನ ಅಂಚಿಂದ ಹಿಟ್ಟು ಸಣ್ಣಗೆ, ಮೆತ್ತಗೆ ಇಳಿಯತೊಡಗಿತು.

ಸಾವಕಾರನ ಮೀಸೆ ನಡುಗಿತು. ಅಜ್ಜನ ಕಡೆ ತಿರುಗಿದ.

“ಹಾಡಬ್ಯಾಡ ಅಂತ ನೀವ ಹೇಳಿದ್ರಿ. ನಿಮ್ಮೆದುರಿಗೇ ನಿಮ್ಮ ಮಾತು ಮುರದ್ಲು. ಗುರುವಿನ ಮಾತು ಮೀರಿದಾಕಿ ಅದೆಂಥಾ ಶಿಷ್ಯೆ?”

ಅಜ್ಜ ಬಗ್ಗಿ ಗಡಿಗೆ ಎತ್ತಿಕೊಂಡ. ತನ್ನ ತಟ್ಟೆಗೆ ತಾನೇ ಮಜ್ಜಿಗೆ ಸುರುವಿಕೊಂಡ.

“ಇಷ್ಟ ದಿನಾ ಹೇಳಿದ್ದು ಕೇಳತಿದ್ಲು, ಸಾವಕಾರ. ಇವತ್ತ ಕಲತ್ಲು.”